ಹಳದಿ ಗೆರೆ ದಾಟಿದ ಮಿಲ್ ಗೌರಮ್ಮ

ಗೌರಮ್ಮಕ್ಕನಿಗೆ ಸಿಟ್ಟು ಬಂದದ್ದು ಮೊದಲು ಅವಳ ಹುಬ್ಬಿನಲ್ಲಿ ಗೊತ್ತಾಗುತ್ತಿತ್ತು. ಬೆಳಗಿನಿಂದ ಮಿಲ್ಲಿನಲ್ಲಿ ನಿಂತು ರಾಗಿ, ಗೋಧಿ, ಅಕ್ಕಿ ಬೀಸಿ ಬೀಸಿ ಹುಬ್ಬು, ರೆಪ್ಪೆ, ಮುಂದಲೆಯ ಕೂದಲೆಲ್ಲ ಹಿಟ್ಟು ಕೂತು ಬೆಳ್ಳಗಾಗಿರುತ್ತಿದ್ದವು. ಸಿಟ್ಟು ಬಂದರೆ ಆ ಹುಬ್ಬು ಒಮ್ಮೆ ಮೇಲಕ್ಕೆ ಹಾರುತ್ತಿತ್ತು, ಹಿಟ್ಟು ಉದುರುತ್ತಿತ್ತು. ಅದನ್ನು ಕಂಡ ಗಿರಾಕಿಗಳು ಡಬ್ಬ ಅಲ್ಲೇ ಬಿಟ್ಟು ಒಂದೆರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆದರೆ ಆ ಸಿಟ್ಟು ಸುಮ್ಮಸುಮ್ಮನೆ ಬರುತ್ತಿರಲಿಲ್ಲ. ನಾನು ಕಂಡ ಮಟ್ಟಿಗೆ, ಬರಬೇಕಾದಾಗ ಬರುತ್ತಿತ್ತು, ಬರಬೇಕಾದಷ್ಟೂ ಬರುತ್ತಿತ್ತು. ನಮ್ಮಂಥ ಓದಿದವರಿಗೆ ಅದು ಬರುವುದೇ ಇಲ್ಲ. ಬಂದರೂ ಮನೆಗೆ ಬಂದು ಹೆಂಡತಿಯ ಮೇಲೆ ಬರುತ್ತದೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಗುಮಾಸ್ತನಾಗಿ ಗುಬ್ಬಿ ಅಂಚೆ ಕಚೇರಿಗೆ ವರ್ಗವಾಗಿ ಬಂದೆ. ಚೇಳೂರು ಕಡೆಯ ರಸ್ತೆಯಲ್ಲಿ ಅವಳ ಹಿಟ್ಟಿನ ಮಿಲ್ಲು. ಮಿಲ್ಲಿನ ಹಿಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮಿಲ್ಲು ಶುರುವಾಗುತ್ತಿತ್ತು. ನನ್ನ ಗೋಡೆ ನಡುಗಿ, ಮೇಜಿನ ಮೇಲಿಟ್ಟ ಕಾಫಿ ಲೋಟ ತಾನಾಗಿ ಅಂಚಿನ ಕಡೆಗೆ ನಡೆದುಕೊಂಡು ಬರುತ್ತಿತ್ತು. ಊರಿಗೆ ಆಕೆ ಮಿಲ್ ಗೌರಮ್ಮ, ನನಗೆ ಅಕ್ಕ. ಆಕೆ ಮಾತ್ರ ಕೊನೆಯವರೆಗೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. "ಏನ್ಲಾ ಪೋಸ್ಟಾಫೀಸು, ಉಂಡ್ಯಾ?" ಅನ್ನುವುದೇ ರೂಢಿಯಾಗಿತ್ತು.

ಆ ಕಡೆ ಹಿಟ್ಟಿನ ಮಿಲ್ಲಿಗೆ ಡಬ್ಬ ಕೊಟ್ಟು ಮನೆಗೆ ಹೋಗಿಬಿಡುವ ಪದ್ಧತಿ ಇಲ್ಲ. ತಮ್ಮ ಕಾಳು ಮಿಷಿನ್ನಿನ ಬಾಯಿಗೆ ಬೀಳುವುದನ್ನೂ ಹಿಟ್ಟಾಗಿ ಕೆಳಗಿನ ಬಟ್ಟೆಯ ಚೀಲದಿಂದ ಡಬ್ಬಕ್ಕೆ ಇಳಿಯುವುದನ್ನೂ ನಿಂತು ನೋಡಿಕೊಂಡೇ ಹೋಗಬೇಕು. ಒಬ್ಬರ ಡಬ್ಬ ಮುಗಿದ ಮೇಲೆ ಅಕ್ಕ ಒಂದು ಕೋಲು ತೆಗೆದುಕೊಂಡು ಆ ಬಟ್ಟೆಗೆ ಪಟಪಟ ಬಡಿಯುತ್ತಿದ್ದಳು. ಒಳಗೆ ಅಂಟಿಕೊಂಡ ಹಿಟ್ಟು ಉದುರಿ ಅವರ ಡಬ್ಬಕ್ಕೇ ಬೀಳುವವರೆಗೆ ಇನ್ನೊಬ್ಬರ ಕಾಳು ಮುಟ್ಟುತ್ತಿರಲಿಲ್ಲ. "ಬಟ್ಟೆ ಕೊಡವದ ಮಿಲ್ಲು ಕಳ್ರ ಮಿಲ್ಲು" ಎನ್ನುವುದು ಅವಳ ಮಾತು. ಬಟ್ಟೆಯಲ್ಲಿ ನಿಲ್ಲುವುದು ಒಬ್ಬೊಬ್ಬರದು ಹಿಡಿ ಹಿಟ್ಟು, ಆದರೆ ದಿನಕ್ಕೆಷ್ಟು ಡಬ್ಬ ಬರುತ್ತವೆ, ಲೆಕ್ಕ ಹಾಕಿ ನೋಡು ಅನ್ನುತ್ತಿದ್ದಳು.

ಒಮ್ಮೆ ಹೊಸದಾಗಿ ಊರಿಗೆ ಬಂದ ಆಫೀಸರೊಬ್ಬರು ಸ್ಕೂಟರಿನಿಂದ ಡಬ್ಬ ಇಳಿಸಿ, "ಬೀಸಿಟ್ಟಿರಿ, ಸಂಜೆ ಬಂದು ತಗೊಂಡ್ ಹೋಗ್ತೀನಿ" ಎಂದು ಹೊರಟರು. ಅಕ್ಕ ಮಿಷಿನ್ನು ನಿಲ್ಲಿಸಿ ಕೂಗಿದಳು: "ಯಾಕ್ ಸಾರ್, ರಾಗಿ ನಿಮ್ದಲ್ವಾ? ನಿಂತ್ಕೊಳ್ಳಿ. ನಾನು ಕದೀಲಿ ಕದೀದೆ ಇರ್ಲಿ, ನೋಡೋದು ನಿಮ್ ಕೆಲ್ಸ." ಪಾಪ, ಆ ಮನುಷ್ಯ ಇಸ್ತ್ರಿ ಬಟ್ಟೆಗೆ ಹಿಟ್ಟು ಮೆತ್ತಿಸಿಕೊಂಡು ತನ್ನ ಸರದಿ ಬರುವವರೆಗೆ ನಿಂತಿದ್ದರು. ಆಮೇಲೆ ಅವರಿಗೂ ಅದೇ ಅಭ್ಯಾಸವಾಯಿತು.

ಅಕ್ಕನ ಗಂಡ ರುದ್ರಣ್ಣ. ಜೋರಾಗಿ ಕೆಮ್ಮುವುದಕ್ಕೂ ಸಂಕೋಚಪಡುವ ಆಸಾಮಿ. ಮಿಲ್ಲಿನ ಧೂಳು ಅವನಿಗೆ ಆಗುತ್ತಿರಲಿಲ್ಲ. ಡ್ರೈವಿಂಗ್ ಒಂದೇ ಅವನಿಗೆ ಬರುತ್ತಿದ್ದ ಕೆಲಸ. ಹಾಗಾಗಿ ಸಾಲ ಮಾಡಿ ಒಂದು ಬಿಳಿ ವ್ಯಾನು ತಂದರು. ಬೆಳಿಗ್ಗೆ ಚೇಳೂರು ಕಡೆಯ ಶಾಲೆಗಳಿಗೆ ಹೋಗುವ ಮೇಷ್ಟ್ರುಗಳನ್ನು, ಟೀಚರುಗಳನ್ನು ತುಂಬಿಕೊಂಡು ಹೋಗಿ ಬಿಡುವುದು, ಸಂಜೆ ಕರೆದುಕೊಂಡು ಬರುವುದು. ನಡುವೆ ಮದುವೆ, ಆಸ್ಪತ್ರೆ, ಬೀಗರೂಟ. ವ್ಯಾನಿನ ಕಂತು ಪೂರ್ತಿ ತೀರಿದ್ದು ಮಿಲ್ಲಿನ ದುಡ್ಡಿನಲ್ಲಿ. ಲೈಸೆನ್ಸು ಇದ್ದದ್ದು ರುದ್ರಣ್ಣನಿಗೆ, ಶೋರೂಮಿನವರು ಅವನ ಫೋಟೋ ಕೇಳಿದರು, ಆರ್‌ಸಿ ಅವನ ಹೆಸರಿಗಾಯಿತು. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಅದು ಗೌರಮ್ಮನ ವ್ಯಾನು ಎನ್ನುವುದು ಗುಬ್ಬಿಗೆಲ್ಲ ಗೊತ್ತಿತ್ತು.

ಫ್ರೀ ಸರ್ವೀಸುಗಳು ಇರುವವರೆಗೆ ಶೋರೂಮಿನವರು ದೇವರಂಥವರು. ಅವು ಮುಗಿದ ಮೇಲೆ ಬಣ್ಣ ಬಯಲಾಯಿತು. ವ್ಯಾನು ಏರಿನಲ್ಲಿ ಎಳೆಯುತ್ತಿಲ್ಲ ಎಂದು ರುದ್ರಣ್ಣ ತುಮಕೂರಿಗೆ ತೆಗೆದುಕೊಂಡು ಹೋದರೆ ಗಾಡಿ ಅಲ್ಲೇ ಇಟ್ಟುಕೊಂಡು ಒಂದು ಎಸ್ಟಿಮೇಟು ಕೈಗೆ ಕೊಟ್ಟು ಕಳಿಸಿದರು. ಮೂರು ತಿಂಗಳು ಹಗಲೂ ರಾತ್ರಿ ಮಿಲ್ಲು ಓಡಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ಅದು ಇಂಗ್ಲಿಷಿನಲ್ಲಿತ್ತು. ಅಕ್ಕ ನನ್ನ ಬಾಗಿಲು ತಟ್ಟಿದಳು.

"ಓದ್ಲಾ ಪೋಸ್ಟಾಫೀಸು, ಏನೇನ್ ಬರ್ದವ್ರೆ."

ನಾನು ಒಂದೊಂದಾಗಿ ಓದಿ ಹೇಳಿದೆ. ಸುಮಾರು ಸಾಮಾನಿನ ಹೆಸರುಗಳು ನನಗೂ ಗೊತ್ತಿರಲಿಲ್ಲ. ಕೊನೆಯಲ್ಲಿ 'ಕನ್ಸ್ಯೂಮಬಲ್ಸ್' ಎಂದು ಒಂದು ಮೊತ್ತ ಇತ್ತು.

"ಅದೆಂಥದ್ದು?"

"ಬಟ್ಟೆ, ಗ್ರೀಸು, ಸೋಪಿನ ಪುಡಿ, ಇಂಥವು ಅಕ್ಕ. ಕೆಲಸ ಮಾಡೋವಾಗ ಖರ್ಚಾಗೋ ಸಾಮಾನು."

"ಅಂದ್ರೆ ಅವ್ರು ಕೈ ತೊಳ್ಕೊಳೋ ಸೋಪಿಗೂ ನಾವೇ ಕೊಡ್ಬೇಕಾ? ನಾನೂ ನಾಳೆಯಿಂದ ಡಬ್ಬಕ್ಕಿಷ್ಟು ಅಂತ ಸ್ನಾನದ ಸೋಪಿನ ದುಡ್ಡು ಇಸ್ಕೊಳ್ಳಾ?" ಎಂದಳು. ಹುಬ್ಬಿನ ಹಿಟ್ಟು ಉದುರಿತು.

ಮಾರನೆಯ ದಿನ ಮಿಲ್ಲಿಗೆ ಬೀಗ ಹಾಕಿ ಮೂವರೂ ತುಮಕೂರಿಗೆ ಹೋದೆವು. ಹೈವೇ ಬದಿಯಲ್ಲಿ ಶೋರೂಮು. ಗಾಜಿನ ಗೋಡೆ, ತಣ್ಣನೆ ಏಸಿ, ಕೂತರೆ ಹೂತುಹೋಗುವ ಸೋಫಾ. ಮಿಷಿನ್ನಿನಲ್ಲಿ ಕಾಫಿ. ಒಳಗಿನ ಗಾಜಿನಾಚೆ ವರ್ಕ್‌ಶಾಪು. ಅದರ ಬಾಗಿಲ ಬಳಿ ನೆಲದ ಮೇಲೆ ದಪ್ಪ ಹಳದಿ ಗೆರೆ, ಅದರಿಂದಾಚೆ ಗಿರಾಕಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು. ಆ ಸೋಫಾಗಳಲ್ಲಿ ಕೂತಿದ್ದ ಜನರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಡಾಕ್ಟರುಗಳು, ಲಾಯರುಗಳು, ಕಾಲೇಜು ಮೇಷ್ಟ್ರುಗಳು. ತರಕಾರಿಯವಳ ಹತ್ತಿರ ಒಂದು ಕಟ್ಟು ಸೊಪ್ಪಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ಈ ಜನ ಇಲ್ಲಿ ಎಸ್ಟಿಮೇಟಿನ ಕೊನೆಯ ಸಾಲು ನೋಡಿ, ಉಗುಳು ನುಂಗಿ, ತೋರಿಸಿದ ಕಡೆ ಸೈನು ಹಾಕುತ್ತಿದ್ದರು. ಕೇಳಿದರೆ ಮರ್ಯಾದೆ ಹೋಗುತ್ತದಂತೆ. ಕೇಳದೆ ದುಡ್ಡು ಹೋದರೆ ಪರವಾಗಿಲ್ಲವಂತೆ.

ಟೈ ಕಟ್ಟಿದ ಸರ್ವೀಸ್ ಮ್ಯಾನೇಜರು ಬಂದ. ಮಾತಿಗೊಮ್ಮೆ ಮೇಡಂ ಅನ್ನುವ, ಮುಗುಳ್ನಗು ಮುಖದಿಂದ ಇಳಿಯದ ಹುಡುಗ. ಅವನ ಮಾತನ್ನೆಲ್ಲ ಕೇಳಿದ ಅಕ್ಕ ಎದ್ದು ಸೀದಾ ಹಳದಿ ಗೆರೆ ದಾಟಿ ಒಳಗೆ ಹೋದಳು. ವಾಚ್‌ಮನ್ ಓಡಿಬಂದ. ಮ್ಯಾನೇಜರು ಅವನ ಹಿಂದೆ ಓಡಿಬಂದ.

"ಮೇಡಂ, ಇಲ್ಲಿ ಬರಂಗಿಲ್ಲ. ಸೇಫ್ಟಿ ಮೇಡಂ, ಸೇಫ್ಟಿ."

"ಯಾರ್ದಪ್ಪ ಸೇಫ್ಟಿ? ನಂದೋ, ನಿಮ್ದೋ?" ಅಂದಳು ಅಕ್ಕ. "ನನ್ ಮಿಲ್ಲಲ್ಲಿ ಬೆಲ್ಟು ಓಡ್ತಿರ್ತೈತೆ. ಅಲ್ಲೂ ಜನ ನಿಂತ್ಕೊಂಡೇ ನೋಡ್ತಾರೆ. ನಮ್ ಕಾಳು ನಾವು ನೋಡಂಗಿಲ್ಲ ಅಂದ್ರೆ ಅದು ಮಿಲ್ಲಾ, ಕಳ್ರ ಸಂತೆನಾ?"

ಅವಳ ಗಂಟಲು ಮಿಲ್ಲಿನ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು. ಗಾಜಿನೀಚೆ ಸೋಫಾಗಳ ಮೇಲಿದ್ದ ತಲೆಗಳೆಲ್ಲ ಈ ಕಡೆ ತಿರುಗಿದವು. ಮ್ಯಾನೇಜರು ಅವಳನ್ನು ತಣ್ಣಗೆ ಮಾಡಲು ಒಬ್ಬ ಕೆಲಸದವನಿಗೆ ಹೇಳಿ ಒಂದು ಸಾಮಾನು ತರಿಸಿದ. ಕರ್ರಗೆ ಮಸಿ ಹಿಡಿದ ಕಾಗದದ ಮಡಿಕೆ ಮಡಿಕೆಯಂಥ ವಸ್ತು. "ನೋಡಿ ಮೇಡಂ, ಇದು ನಿಮ್ಮ ಗಾಡಿಯ ಏರ್ ಫಿಲ್ಟರು. ಗಾಳಿ ಹೋಗೋ ದಾರಿ ಇದು. ಹೇಗಾಗಿದೆ ನೋಡಿ. ಇದರಿಂದ ಒಳಗೆಲ್ಲ ಹಾಳಾಗಿದೆ. ಅದಕ್ಕೇ ಇಷ್ಟೆಲ್ಲ ಬದಲಾಯಿಸಬೇಕು."

ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಹೊರಳಿಸಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಕೈಗೆ ಕುಟ್ಟಿ ನೋಡಿದಳು. ಕರಿ ಮಸಿ ಉದುರಿತು.

"ಗಾಳಿ ಹೋಗೋ ದಾರೀನಾ ಇದು?"

"ಹೌದು ಮೇಡಂ."

"ನಮ್ ಗಾಡಿ ನಿಲ್ಲೋದು ಹಿಟ್ಟಿನ ಮಿಲ್ ಪಕ್ಕ ಕಣಪ್ಪ. ನಮ್ಮನೆ ದೇವ್ರ ಪಟದ ಮೇಲೂ ಹಿಟ್ಟೈತೆ. ಇದ್ರಲ್ಲಿ ಒಂದ್ ಚಿಟಿಕೆ ಹಿಟ್ಟಿಲ್ವಲ್ಲೋ! ಯಾವನ್ ಗಾಡೀದೋ ಇದು?"

ನಾನು ನಕ್ಕುಬಿಟ್ಟೆ. ಸೋಫಾದಲ್ಲಿದ್ದ ಒಬ್ಬರೂ ನಕ್ಕರು. ಮ್ಯಾನೇಜರನ ಮುಖದ ಮೇಲಿನ ನಗು ಮಾತ್ರ ಮೊದಲ ಸಲ ಇಳಿಯಿತು. ಕೆಲಸದವನು ತಪ್ಪಿ ಬೇರೆ ಗಾಡಿಯದು ತಂದಿದ್ದಾನೆ ಎಂದ. ನೋಡಿದರೆ ನಮ್ಮ ವ್ಯಾನಿನ ಫಿಲ್ಟರನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ. ಬಿಚ್ಚಿಸಿದಾಗ ರೊಟ್ಟಿಗೆ ಕಲಸುವಷ್ಟು ಹಿಟ್ಟು ಉದುರಿತು. ಅದೊಂದನ್ನು ಬದಲಾಯಿಸಿದ ಮೇಲೆ ವ್ಯಾನು ಮುಲಾಜಿಲ್ಲದೆ ಎಳೆಯಿತು. ಉಳಿದ ಎಸ್ಟಿಮೇಟು ಎತ್ತ ಹೋಯಿತೋ ಯಾರಿಗೂ ಗೊತ್ತಿಲ್ಲ. ಅಕ್ಕ ಹಳೆಯ ಫಿಲ್ಟರನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಮಿಲ್ಲಿನ ಬಾಗಿಲಿಗೆ ತೂಗುಹಾಕಿದಳು. ಬಂದವರಿಗೆಲ್ಲ ಅದರ ಕಥೆ ಹೇಳಿದಳು.

ಅಲ್ಲಿಂದ ಗುಬ್ಬಿಯಲ್ಲಿ ಹೊಸ ಪದ್ಧತಿಯೊಂದು ಶುರುವಾಯಿತು. ಯಾರಿಗೆ ದೊಡ್ಡ ಎಸ್ಟಿಮೇಟು ಬಂದರೂ ಅವರು ಮಿಲ್ಲಿನ ಮುಂದೆ ಗಾಡಿ ನಿಲ್ಲಿಸುತ್ತಿದ್ದರು. ಹೆಣ್ಣು ನೋಡಲು ಹೋಗುವಾಗ ಮಾತು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರಲ್ಲ, ಹಾಗೆ. ಕರೆಂಟು ಇಲ್ಲದ ದಿನ ಅಕ್ಕ ಸೀರೆ ಕೊಡವಿಕೊಂಡು ಹೊರಡುತ್ತಿದ್ದಳು. ಇಂಜಿನ್ನಿನ ವಿಷಯ ಅವಳಿಗೆ ಏನೇನೂ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಅವಳು ಹೇಳಿಕೊಳ್ಳಲೂ ಇಲ್ಲ. ಅವಳು ಮಾಡುತ್ತಿದ್ದುದು ಎರಡೇ ಕೆಲಸ. ಗಾಡಿಯ ಪಕ್ಕ ನಿಲ್ಲುವುದು, ಬಿಚ್ಚಿದ ಹಳೆಯ ಸಾಮಾನು ಕೇಳುವುದು. ಇಷ್ಟಕ್ಕೇ ಎಸ್ಟಿಮೇಟುಗಳು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗುತ್ತಿದ್ದವು. ಒಬ್ಬರು ಡಾಕ್ಟರು ಥ್ಯಾಂಕ್ಸ್ ಹೇಳಲು ಬಂದಾಗ ಅಕ್ಕ, "ನಿಮ್ಗೆ ಬಯ್ಯಕ್ಕೆ ನಾಚ್ಕೆ, ಅದ್ಕೇ ನನ್ ಕರ್ಕೊಂಡೋಗ್ತೀರ. ನಾನೇನು ನಿಮ್ ಬಾಯಾ?" ಎಂದು ಅವರಿಗೇ ಮಂಗಳಾರತಿ ಎತ್ತಿ ಕಳಿಸಿದಳು.

ಅವಳು ಎಡವಿದ್ದೂ ಉಂಟು. ಕುಣಿಗಲ್ಲಿನಲ್ಲಿ ಅವಳ ಅಣ್ಣನ ಮನೆ. ಒಮ್ಮೆ ಅಲ್ಲಿಂದ ಬರುವಾಗ ಊರಾಚೆಯೇ ವ್ಯಾನು ಕೆಟ್ಟು ನಿಂತಿತು. ರಹಮತ್ ಎಂಬ ಮೆಕ್ಯಾನಿಕ್ಕನ ತಗಡಿನ ಗ್ಯಾರೇಜು ಹತ್ತಿರದಲ್ಲಿತ್ತು. ಅವನು ಏನೋ ಬದಲಾಯಿಸಿದ, ಕೇಳಿದ್ದೂ ಅಂಥ ದೊಡ್ಡ ದುಡ್ಡಲ್ಲ. ಅಕ್ಕ ಹಳೆಯ ಸಾಮಾನೆಲ್ಲಿ ಎಂದಳು. "ಕೊಟ್ಟೆನಲ್ಲಮ್ಮ" ಎಂದ. ಎಲ್ಲಿ ಕೊಟ್ಟೆ ಎಂದು ಅಕ್ಕ ರೇಗಿ, ಬಾಯಿಗೆ ಬಂದದ್ದೆಲ್ಲ ಅಂದು, ಶೋರೂಮಿನವನ ತಮ್ಮ ನೀನು ಎಂದು ಮುಖದ ಮೇಲೆ ದುಡ್ಡೆಸೆದು ಬಂದಳು. ಹೆಬ್ಬೂರಿನ ಹತ್ತಿರ ರುದ್ರಣ್ಣ ನೀರಿನ ಬಾಟ್ಲಿಗೆಂದು ಸೀಟಿನ ಕೆಳಗೆ ಕೈ ಹಾಕಿದರೆ ಕಾಗದದಲ್ಲಿ ಸುತ್ತಿಟ್ಟ ಹಳೆಯ ಸಾಮಾನು ಸಿಕ್ಕಿತು.

"ತಿರುಗ್ಸು ಗಾಡೀನ" ಎಂದಳು ಅಕ್ಕ.

"ಕತ್ಲಾಯ್ತದೆ ಕಣೇ, ಇನ್ನೊಂದಿನ ಬರುವಾಗ..."

"ತಿರುಗ್ಸು ಅಂದ್ನಲ್ಲ. ಬಯ್ದಿದ್ದು ಇವತ್ತು."

ಕುಣಿಗಲ್ಲಿಗೆ ವಾಪಸು ಹೋಗಿ ರಹಮತ್‌ನ ಮುಂದೆ ನಿಂತು, "ನಾನು ಬಯ್ದಿದ್ದು ಸುಳ್ಳು, ನೀನು ಸಾಚಾ. ಈಗ ನೀನು ಬಯ್ಯಿ, ನಿಂತಿದೀನಿ" ಎಂದಳಂತೆ. ಅವನು ಬಯ್ಯಲಿಲ್ಲ. ಟೀ ತರಿಸಿದನಂತೆ. ಅಲ್ಲಿಂದಾಚೆಗೆ ವ್ಯಾನಿನ ಸಣ್ಣಪುಟ್ಟ ರಿಪೇರಿಯೆಲ್ಲ ಅವನಲ್ಲೇ. ವರ್ಷಕ್ಕೊಮ್ಮೆ ಹುರಿಹಿಟ್ಟಿನ ಡಬ್ಬವೊಂದು ಕುಣಿಗಲ್ಲಿಗೆ ಹೋಗುತ್ತಿತ್ತು.

ಹೀಗೆ ಕೆಲವು ವರ್ಷ ನಡೆಯಿತು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲದ ಮೇಲೆ ವ್ಯಾನಿನ ಗೇರ್‌ಬಾಕ್ಸು ಕೈಕೊಟ್ಟಿತು. ರಹಮತ್ ಬಿಚ್ಚಿ ನೋಡಿ, "ಅಮ್ಮ, ಇದ್ರೊಳಗಿನ ಒಂದು ಸಾಮಾನು ಹೊರಗಡೆ ಎಲ್ಲೂ ಸಿಗಲ್ಲ. ಶೋರೂಮ್ನೋರು ನಮ್ಮಂಥೋರಿಗೆ ಕೊಡಲ್ಲ. ಅಲ್ಲೇ ಹಾಕಿಸ್ಬೇಕು" ಎಂದ. ಗಾಡಿಯನ್ನು ತುಮಕೂರಿಗೆ ಎಳೆಸಿಕೊಂಡು ಹೋದರು. ಎಸ್ಟಿಮೇಟು ಬಂತು. ಅಕ್ಕ ಎರಡನೆಯ ಮಿಷಿನ್ನಿಗೆಂದು ಕೂಡಿಟ್ಟದ್ದನ್ನೆಲ್ಲ ಸುರಿದರೂ ಸಾಲುತ್ತಿರಲಿಲ್ಲ. ಒಂದು ಸಾಮಾನಿಗೆ ಹೋದವರಿಗೆ ಅರ್ಧ ಗಾಡಿಯ ಸಾಮಾನು ಬರೆದಿದ್ದರು. ಅಕ್ಕ, ನಾನು, ರುದ್ರಣ್ಣ ಹೋದೆವು. ಈ ಸಲ ವಾಚ್‌ಮನ್ ಗೇಟಿನಲ್ಲೇ ತಡೆದ. ಅದೇ ಮ್ಯಾನೇಜರು ಹೊರಗೆ ಬಂದ. ಅದೇ ನಗು. ಟೈ ಮಾತ್ರ ಬೇರೆ.

"ಮೇಡಂ, ಗಾಡಿ ಯಾರ ಹೆಸರಲ್ಲಿದೆ?"

"ಯಾಕೆ?"

"ಮಾಲೀಕರ ಜೊತೆ ಮಾತ್ರ ಮಾತಾಡೋದು ಅಂತ ನಮ್ಮ ರೂಲ್ಸು. ಆರ್‌ಸಿ ಸಾರ್ ಹೆಸರಲ್ಲಿದೆ. ಅವರು ಒಬ್ಬರೇ ಒಳಗೆ ಬರಲಿ. ಇಲ್ಲಾಂದ್ರೆ ಗಾಡಿ ವಾಪಸ್ ತಗೊಂಡ್ ಹೋಗಿ."

ಇಷ್ಟು ವರ್ಷದ ಲೆಕ್ಕವನ್ನು ಅವನು ಒಂದೇ ಮಾತಿನಲ್ಲಿ ಚುಕ್ತಾ ಮಾಡಿದ. ಅವನಿಗೆ ಬೇಕಾದದ್ದು ರೂಲ್ಸಲ್ಲ, ನಿಂತು ನೋಡುವ ಒಂದು ಜೊತೆ ಕಣ್ಣು ತೊಲಗಬೇಕಿತ್ತು. ಅಕ್ಕ, "ಗಾಡಿ ಬ್ಯಾಡ ಬುಡು. ನಡೀರಿ, ಮನೆಗೆ ಹೋಗಾನ" ಎಂದು ತಿರುಗಿ ನಡೆದುಬಿಟ್ಟಳು. ಕಂತು ಕಟ್ಟಿದವಳು ಅವಳು. ಧೂಳು ಕುಡಿದವಳು ಅವಳು. ಮಾಲೀಕಳಲ್ಲ ಎಂದು ಹೇಳಿದವನು ಬರೀ ಕಾಗದ ನೋಡಿದವನು.

ಆದರೆ ಗಾಡಿ ಇಲ್ಲದೆ ರುದ್ರಣ್ಣನ ದುಡಿಮೆ ನಿಂತಿತ್ತು. ಮೇಷ್ಟ್ರುಗಳು, ಈ ವಾರ ಬರದಿದ್ದರೆ ಬೇರೆ ವ್ಯಾನು ಗೊತ್ತುಮಾಡಿಕೊಳ್ಳುತ್ತೇವೆ ಎಂದಿದ್ದರು. ಹಬ್ಬದ ಹಿಂದಿನ ದಿನ, ಮಿಲ್ಲಿನ ಮುಂದೆ ಡಬ್ಬಗಳ ಸಾಲು ರಸ್ತೆಯವರೆಗೆ ಬೆಳೆದಿದ್ದಾಗ, ರುದ್ರಣ್ಣ ಯಾರಿಗೂ ಹೇಳದೆ ಬಸ್ಸು ಹತ್ತಿ ತುಮಕೂರಿಗೆ ಹೋದ. ಅಕ್ಕ ಕೂಡಿಟ್ಟದ್ದನ್ನೂ ಅವಳ ಅಣ್ಣನಿಂದ ತಂದದ್ದನ್ನೂ ಕಟ್ಟಿ ಕೆಲವು ದಿನಗಳ ಮೇಲೆ ವ್ಯಾನು ತಂದು ಮಿಲ್ಲಿನ ಪಕ್ಕ ನಿಲ್ಲಿಸಿದ. ಹಳೆಯ ಸಾಮಾನು ಒಂದೂ ಇರಲಿಲ್ಲ. ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಅಕ್ಕ ಮಿಷಿನ್ನು ನಿಲ್ಲಿಸಿ ಹೊರಗೆ ಬಂದಳು. ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ.

"ಒಳಗೆ ಕರ್ದ್ರಾ?" ಎಂದು ಕೇಳಿದಳು.

"ಹೂಂ."

"ಏನಂತ ಕೇಳಿದ್ರು?"

ರುದ್ರಣ್ಣನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದೇ ಅವನ ಕಷ್ಟ. "ಗಾಡಿ ನಿಮ್ದಾ, ನಿಮ್ಮನೆಯೋರ್ದಾ ಅಂದ್ರು. ನಂದೇ ಅಂದೆ. ಹಂಗಾದ್ರೆ ಅವ್ರಿಗೂ ಇದಕ್ಕೂ ಸಂಬಂಧ ಇಲ್ವಲ್ಲ ಅಂದ್ರು."

"ನೀನೇನಂದೆ?"

"ಇಲ್ಲ ಅಂದೆ. ಅನ್ನದೆ ಇದ್ರೆ ಗಾಡಿ ಮುಟ್ತಿರ್ಲಿಲ್ಲ ಕಣೇ."

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಅವ್ರು ಅಂದಿದ್ದು ಬುಡು. ಕಳ್ರು ಅವ್ರು, ಅಂತಾರೆ. ನೀನು ಅಂದ್ಬಂದ್ಯಲ್ಲಯ್ಯ" ಎಂದಳು. "ಸಂಬಂಧ ಇಲ್ಲ ಅಂದ್ಮೇಲೆ ಇಲ್ಲ. ಇನ್ ಆ ಗಾಡೀಲಿ ನಾನು ಕೂರಲ್ಲ." ಒಳಗೆ ಹೋಗಿ ಮಿಷಿನ್ನು ಹಾಕಿದಳು.

ಮಾರನೆಯ ದಿನ ನಾನು ರಜೆ ಹಾಕಿ ಶೋರೂಮಿಗೆ ಹೋದೆ. ಆ ಮ್ಯಾನೇಜರನ ಮೇಜಿನ ಮುಂದೆ ನಿಂತು, ಗಂಡ ಹೆಂಡಿರ ನಡುವೆ ಇಂಥ ಮಾತು ಆಡಿಸಲು ನಿನಗೆ ಯಾರು ಅಧಿಕಾರ ಕೊಟ್ಟರು ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ನಿಮ್ಮ ಗಾಡಿ ಯಾವುದು?" ಎಂದ. ನನಗೆ ಸೈಕಲ್ಲು ಕೂಡ ಇರಲಿಲ್ಲ. ಆಗ ನನ್ನ ಬಾಯಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ವಾಚ್‌ಮನ್ ತೋಳು ಹಿಡಿದು ಹೊರಗೆ ಬಿಟ್ಟ. ಸೋಫಾದ ಜನ ಪೇಪರು ಮೇಲಕ್ಕೆತ್ತಿ ಹಿಡಿದುಕೊಂಡರು. ಅವರಲ್ಲಿ ಇಬ್ಬರ ಗಾಡಿಯ ಪಕ್ಕ ಅಕ್ಕ ಮಿಲ್ಲು ಮುಚ್ಚಿ ಬಂದು ನಿಂತಿದ್ದಳು. ಅವರ ಮೇಲೆ ನನಗಿರುವ ಕೋಪ ಆ ಮ್ಯಾನೇಜರನ ಮೇಲೆಯೂ ಇಲ್ಲ.

ಅಕ್ಕ ಆಡಿದಂತೆಯೇ ನಡೆದಳು. ಗಂಡ ಹೆಂಡಿರು ಮಾತು ಬಿಡಲಿಲ್ಲ. ಅಡುಗೆ, ಊಟ, ತಮಾಷೆ ಎಲ್ಲ ಮೊದಲಿನಂತೆಯೇ. ವ್ಯಾನೂ ದುಡಿಯುತ್ತಿತ್ತು. ಆದರೆ ಕುಣಿಗಲ್ಲಿನ ಅಣ್ಣನ ಮನೆಯಲ್ಲಿ ನಾಮಕರಣವಿದ್ದಾಗ ಅಕ್ಕ ಬಸ್ಸಿಗೆ ಹೋದಳು. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಗೂಳೂರು, ಹೆಬ್ಬೂರು ಎಂದು ಊರೂರಿಗೆ ನಿಲ್ಲುವ ಬಸ್ಸಿನಲ್ಲಿ ಜೋತಾಡಿಕೊಂಡು. ರುದ್ರಣ್ಣ ಖಾಲಿ ವ್ಯಾನು ಓಡಿಸಿಕೊಂಡು ಹೋಗಿ ಕುಣಿಗಲ್ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಅಲ್ಲಿಂದ ಅಣ್ಣನ ಮನೆಗೆ ಇಬ್ಬರೂ ನಡೆದುಕೊಂಡು ಹೋದರಂತೆ. ಆರ್‌ಸಿಯನ್ನು ನಿನ್ನ ಹೆಸರಿಗೆ ಬರೆಸುತ್ತೇನೆ ಎಂದು ರುದ್ರಣ್ಣ ಎಷ್ಟೋ ಸಲ ಹೇಳಿದ. "ಕಾಗ್ದ ಯಾರಿಗ್ ಬೇಕು?" ಅನ್ನುತ್ತಿದ್ದಳು.

ಕೆಲ ವರ್ಷಗಳಲ್ಲಿ ಅವಳಿಗೆ ದಮ್ಮು ಹತ್ತಿತು. ಅಷ್ಟು ಕಾಲ ಕುಡಿದ ಧೂಳು ಎದೆಯಲ್ಲಿ ಕೂತಿತ್ತು. ಆ ಹೊತ್ತಿಗೆ ನನಗೆ ತುಮಕೂರಿಗೆ ವರ್ಗವಾಗಿತ್ತು. ಕೋಣೆ ಬಿಡಲು ಮನಸ್ಸಾಗದೆ ದಿನಾ ಗುಬ್ಬಿಯಿಂದಲೇ ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದರೆ ಅಕ್ಕ ಕಲ್ಲುಬೆಂಚಿನ ಮೇಲೆ ಎರಡೂ ಕೈ ಊರಿಕೊಂಡು ಕೂತಿದ್ದಳು. ಉಸಿರು ಸಿಳ್ಳೆ ಹಾಕಿದಂತೆ ಬರುತ್ತಿತ್ತು. ಎದುರಿಗೇ ವ್ಯಾನು, ಬಾಗಿಲು ತೆರೆದಿತ್ತು. ರುದ್ರಣ್ಣ ಜನರೆದುರೇ ಕೈ ಮುಗಿಯುತ್ತಿದ್ದ.

"ಹತ್ತು ಗೌರಿ, ನಿನ್ ಕಾಲಿಗ್ ಬೀಳ್ತೀನಿ. ಆಸ್ಪತ್ರೆಗೆ ಬೇಗ ಹೋಗಾನ."

"ಬಸ್ ಬರ್ಲಿ."

ನಾನೂ ಹೇಳಿದೆ. "ಅಕ್ಕಾ, ಹಠ ಆಮೇಲೆ ಮಾಡು. ಈಗ ಹತ್ತು."

"ನೀನೂ ಅವ್ರ ಕಡೆ ಸೇರ್ಕೊಂಡ್ಯೇನ್ಲಾ ಪೋಸ್ಟಾಫೀಸು?" ಎಂದಳು. ಬಯ್ಯುವಾಗಲೂ ನಗುವ ಪ್ರಯತ್ನ ಮಾಡಿದಳು. ಬಸ್ಸು ಬಂತು. ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದೆ. ಉಸಿರು ಸಿಕ್ಕಾಗ ಸಿಕ್ಕಷ್ಟು ಮಾತಾಡಿದಳು.

"ರುದ್ರನ್ ಮೇಲೆ ನಂಗೇನೂ ಸಿಟ್ಟಿಲ್ಲ ಕಣೋ. ಒಳ್ಳೇವ್ನು. ಒಳ್ಳೇವ್ನು ಅಂತಾನೇ ಅವ್ನ ಬಾಯಲ್ಲಿ ಆಡ್ಸಿದ್ರು. ಈಗ ನಾನ್ ಹೋಗಿ ಆ ಗಾಡೀಲಿ ಕೂತ್ರೆ, ಅವ್ರು ಆಡ್ಸಿದ್ದು ಸರಿ ಅಂದಂಗಾಯ್ತದೆ. ಸಾಯೋವಾಗ್ಲೂ ಅವ್ರು ಗೆಲ್ಲಾದು ಬ್ಯಾಡ."

ನಾನು ಹಿಂದಿನ ಗಾಜಿನಿಂದ ನೋಡಿದೆ. ಬಸ್ಸಿನ ಹಿಂದೆಯೇ ಬಿಳಿ ವ್ಯಾನು ಬರುತ್ತಿತ್ತು. ಬಸ್ಸು ನಿಂತಲ್ಲಿ ನಿಲ್ಲುತ್ತಿತ್ತು, ಹೊರಟರೆ ಹೊರಡುತ್ತಿತ್ತು. ಆಸ್ಪತ್ರೆಯಲ್ಲಿ ಅವಳನ್ನು ಸೇರಿಸಿ ನಾನು ಆಫೀಸಿಗೆ ಹೋದೆ. ಸಂಜೆ ಬಂದಾಗ ಮೂಗಿಗೆ ಕೊಳವೆ ಹಾಕಿದ್ದರು. ನನ್ನ ಕಡೆ ನೋಡಿ, ಊಟವಾಯಿತೇ ಎಂಬಂತೆ ಕೈಯನ್ನು ಬಾಯಿ ಹತ್ತಿರ ತಂದು ತೋರಿಸಿದಳು. ಅದಾದ ನಾಲ್ಕನೆಯ ದಿನ ಹೋದಳು.

ಆಸ್ಪತ್ರೆಯ ಅಂಗಳದಲ್ಲಿ ರುದ್ರಣ್ಣ ಬಾಡಿಗೆ ಗಾಡಿಯವನೊಬ್ಬನನ್ನು ಕರೆತಂದು ಗುಬ್ಬಿಗೆ ಎಷ್ಟು ಎಂದು ಕೇಳುತ್ತಿದ್ದ. ಆ ಗಾಡಿಯವನು ಸಾವಿನ ಮನೆಯವರೆಂದು ನೋಡಿ ಬಾಯಿಗೆ ಬಂದಷ್ಟು ಹೇಳಿದ. ಸದಾ ಸಂಕೋಚದ ರುದ್ರಣ್ಣ ಅವನ ಮೇಲೆ ಎಗರಿಬಿದ್ದ. "ಹೆಣ ಹೊರಕ್ಕೂ ಎಸ್ಟಿಮೇಟ್ ಹಾಕ್ತೀಯೇನೋ?" ಎಂದು ಕೂಗಿದ. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ದನಿ ಅಷ್ಟು ಜೋರಾಗಿ ಏರಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ಗಾಡಿಯವನು ಅರ್ಧಕ್ಕಿಳಿದ.

ಕುಣಿಗಲ್ಲಿನಿಂದ ಬಂದಿದ್ದ ಅಕ್ಕನ ಅಣ್ಣ ಹತ್ತಿರ ಹೋಗಿ ರುದ್ರಣ್ಣನ ಹೆಗಲು ಹಿಡಿದುಕೊಂಡರು. ಬೇವಿನ ಮರದ ಕೆಳಗೆ ನಿಂತಿದ್ದ ಬಿಳಿ ವ್ಯಾನನ್ನು ತೋರಿಸಿ, "ನಿನ್ ಗಾಡಿ ಇಲ್ಲೇ ಐತಲ್ಲಪ್ಪ, ಬಾಡಿಗೇದು ಯಾಕೆ?" ಎಂದರು.

ರುದ್ರಣ್ಣ ಅವರ ಕೈಯನ್ನು ಮೆಲ್ಲಗೆ ತೆಗೆದ.

"ಅದ್ರಲ್ಲಿ ಕೂರಲ್ಲ ಅಂದವ್ಳೆ ಭಾವ. ಈಗ ಮಾತಾಡಲ್ಲ ಅಂತ ಎತ್ತಿ ಮಲಗುಸ್ಲಾ?"